ದುಡ್ಡು ಕೊಡುವ ಮೊದಲೇ ತಾರೀಖು ಕಾಣಬೇಕು

ಗೆ,
ಮಾನ್ಯ ಮುಖ್ಯ ಆಯುಕ್ತರು,
ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ನವದೆಹಲಿ.

ಮಾನ್ಯ ಔಷಧ ನಿಯಂತ್ರಕರು,
ಕರ್ನಾಟಕ ರಾಜ್ಯ, ಬೆಂಗಳೂರು.

ವಿಷಯ: ಆನ್‌ಲೈನಿನಲ್ಲೂ ರಿಯಾಯಿತಿ ಅಂಗಡಿಗಳಲ್ಲೂ ಮಾರಾಟವಾಗುತ್ತಿರುವ ನಕಲಿ ಮತ್ತು ಅವಧಿ ಮುಗಿದ ಸೌಂದರ್ಯವರ್ಧಕಗಳನ್ನು ತಡೆಯುವ ಬಗ್ಗೆ.

ಮಾನ್ಯರೇ,

ಫ್ಯಾನ್ಸಿ ಸ್ಟೋರಿನ ಗಲ್ಲಾದ ಹಿಂದೆ, ಬ್ಯೂಟಿ ಪಾರ್ಲರಿನ ಕನ್ನಡಿಯ ಮುಂದೆ, ಮೆಡಿಕಲ್ ಶಾಪಿನ ಕೌಂಟರಿನಲ್ಲಿ ದಿನವಿಡೀ ನಿಲ್ಲುವ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಲಿಪ್‌ಸ್ಟಿಕ್, ಕಾಜಲ್, ಸನ್‌ಸ್ಕ್ರೀನ್, ಸೀರಂ, ಫೇಸ್ ಕ್ರೀಮು ನಮ್ಮ ಕೈಯಲ್ಲಿ ಓಡಾಡುವ ಮಾಲು. ಅಸಲಿ ಯಾವುದು, ನಕಲಿ ಯಾವುದು, ತಾರೀಖು ಅಳಿಸಿ ಹೊಸದು ಒತ್ತಿದ್ದು ಯಾವುದು ಎಂದು ಗುರುತು ಹಿಡಿಯುವುದು ನಮ್ಮ ಕಸುಬಿನ ಭಾಗ. ಇವತ್ತು ಆ ಕೆಲಸವನ್ನು ಮೊಬೈಲಿನಲ್ಲಿ ಬೆರಳಾಡಿಸಿ ಕೊಳ್ಳುವ ಪ್ರತಿಯೊಬ್ಬ ಗ್ರಾಹಕರ ತಲೆಗೆ ಕಟ್ಟಲಾಗಿದೆ, ಅದೂ ದುಡ್ಡು ಕಟ್ಟಿದ ಮೇಲೆ. ನಮ್ಮ ದೂರಿನ ತಿರುಳು ಇಷ್ಟೇ.

ಆನ್‌ಲೈನಿನಲ್ಲಿ ಒಂದು ಫೇಸ್ ಕ್ರೀಮಿನ ಪುಟ ತೆರೆದು ನೋಡಿ. ಹತ್ತು ಫೋಟೊ ಇರುತ್ತವೆ, ನಕ್ಷತ್ರಗಳಿರುತ್ತವೆ, ಕೊಂಡವರ ಅಭಿಪ್ರಾಯಗಳಿರುತ್ತವೆ, ಕೆಂಪಕ್ಷರದಲ್ಲಿ ಶೇಕಡಾ 60 ರಿಯಾಯಿತಿ ಇರುತ್ತದೆ. ಆದರೆ ನಿಮಗೆ ಬರಲಿರುವ ಡಬ್ಬಿ ಯಾವ ತಿಂಗಳು ತಯಾರಾಯಿತು, ಯಾವ ತಿಂಗಳಿಗೆ ಮುಗಿಯುತ್ತದೆ, ಯಾವ ಬ್ಯಾಚಿನದು ಎಂಬ ಮೂರು ಮಾತು ಎಷ್ಟೋ ಪುಟಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ಸಿಕ್ಕರೆ ‘ತಯಾರಾದ ದಿನದಿಂದ 24 ತಿಂಗಳು’ ಎಂಬ ಸಾಲು ಸಿಗುತ್ತದೆ. ತಯಾರಾದ ದಿನವೇ ಗೊತ್ತಿಲ್ಲದ ಮೇಲೆ 24 ತಿಂಗಳನ್ನು ಎಲ್ಲಿಂದ ಎಣಿಸಬೇಕು? ಪಾರ್ಸೆಲ್ ಬಂದು, ಡಬ್ಬಿಯನ್ನು ತಲೆಕೆಳಗು ಮಾಡಿ ಕಿಟಕಿಯ ಬೆಳಕಿಗೆ ಹಿಡಿದಾಗ ತಳದಲ್ಲಿ ಚುಕ್ಕೆ ಚುಕ್ಕೆ ಅಕ್ಷರ ಕಾಣುತ್ತದೆ: ಉಳಿದಿರುವುದು ಎರಡೇ ತಿಂಗಳು. ವಾಪಸ್ ಮಾಡಲು ಹೋದರೆ, ಶುಚಿತ್ವದ ಕಾರಣಕ್ಕೆ ಈ ವಸ್ತುವನ್ನು ಹಿಂಪಡೆಯುವುದಿಲ್ಲ ಎಂಬ ಉತ್ತರ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು.

ಇದಕ್ಕೆ ಕಾನೂನು ಇಲ್ಲವೆಂದಲ್ಲ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ 6ನೇ ನಿಯಮ, ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರುವವನು ವಸ್ತುವಿನ ಅವಧಿ ಮುಗಿಯುವ ದಿನಾಂಕವನ್ನು, ಅದು ಅನ್ವಯಿಸುವ ಕಡೆ, ತಿಳಿಸಲೇಬೇಕು ಎನ್ನುತ್ತದೆ. ವಸ್ತು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಹಿಂಪಡೆಯಲು ನಿರಾಕರಿಸುವಂತಿಲ್ಲ ಎಂದೂ ಅದೇ ನಿಯಮದಲ್ಲಿದೆ. ಇನ್ನೊಂದು ಕಡೆ, 2011ರ ಕಾನೂನು ಮಾಪನ (ಪೊಟ್ಟಣ ಸರಕು) ನಿಯಮಗಳು, ಅಂದರೆ ತೂಕ, ಅಳತೆ, ಪೊಟ್ಟಣದ ಮೇಲಿನ ವಿವರಗಳ ನಿಯಮಗಳು, ಇ-ಕಾಮರ್ಸ್ ಪುಟದಲ್ಲಿ ಹಾಕಬೇಕಾದ ವಿವರಗಳನ್ನೆಲ್ಲ ಪಟ್ಟಿ ಮಾಡಿ, ಅದರಿಂದ ಒಂದನ್ನು ಮಾತ್ರ ಕೈಬಿಟ್ಟಿವೆ. ಕೈಬಿಟ್ಟದ್ದು ತಯಾರಾದ ತಿಂಗಳು ಮತ್ತು ವರ್ಷ. ಒಂದು ನಿಯಮ ತಾರೀಖು ತೋರಿಸು ಎನ್ನುತ್ತದೆ, ಇನ್ನೊಂದು ಅರ್ಧ ತಾರೀಖು ಬಿಟ್ಟರೂ ನಡೆಯುತ್ತದೆ ಎನ್ನುತ್ತದೆ. ಮಾರುವವರು ತಮಗೆ ಅನುಕೂಲವಾದದ್ದನ್ನು ಹಿಡಿದುಕೊಂಡಿದ್ದಾರೆ.

ಒಂದೇ ಪುಟದಲ್ಲಿ ಬೇರೆ ಬೇರೆ ಬ್ಯಾಚಿನ ಮಾಲು ಮಾರಾಟವಾಗುತ್ತದೆ, ತಾರೀಖು ದಿನಕ್ಕೊಂದು ಬದಲಾಗುತ್ತದೆ, ಹಾಗಾಗಿ ತೋರಿಸಲಾಗದು ಎಂಬುದು ಆನ್‌ಲೈನ್ ಮಾರುಕಟ್ಟೆಗಳ ವಾದ. ಈ ವಾದ ನಿಲ್ಲುವುದಿಲ್ಲ. ಮಾಲು ಗೋದಾಮಿಗೆ ಬಂದಾಗ ಅದರ ಬ್ಯಾಚು, ಅವಧಿ ಎರಡನ್ನೂ ಕಂಪ್ಯೂಟರಿಗೆ ಏರಿಸುವ ವ್ಯವಸ್ಥೆ ದೊಡ್ಡ ಗೋದಾಮುಗಳಲ್ಲಿ ಹೊಸದೇನಲ್ಲ. ಮೊದಲು ಅವಧಿ ಮುಗಿಯುವ ಮಾಲು ಮೊದಲು ಹೊರಗೆ ಹೋಗಬೇಕು ಎಂಬ ಲೆಕ್ಕ ನಡೆಯುವುದೇ ಆ ಮಾಹಿತಿಯ ಮೇಲೆ. ಮೆಡಿಕಲ್ ಶಾಪಿನಲ್ಲಿ ಇಪ್ಪತ್ತು ರೂಪಾಯಿಯ ಜ್ವರದ ಮಾತ್ರೆ ಕೊಂಡರೂ ಬಿಲ್ಲಿನಲ್ಲಿ ಬ್ಯಾಚ್ ನಂಬರು, ಎಕ್ಸ್‌ಪೈರಿ ಎರಡೂ ಅಚ್ಚಾಗಿರುತ್ತವೆ. ಎಂಟುನೂರು ರೂಪಾಯಿಯ ಕ್ರೀಮಿನ ಬಿಲ್ಲಿನಲ್ಲಿ ಅವೆರಡು ಏಕೆ ಇರಬಾರದು? ಎರಡೂ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಕೆಳಗೇ ಬರುವ ವಸ್ತುಗಳು.

ತಾರೀಖು ಕಾಣದಿದ್ದರೆ ಏನೇನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇವೆ. ಬಾಟಲಿಯ ತಳದಲ್ಲೋ ರಟ್ಟಿನ ಮೇಲೋ ಇರುವ ತಾರೀಖು ಬಹುಪಾಲು ಇಂಕ್‌ಜೆಟ್‌ನಲ್ಲಿ ಸಿಂಪಡಿಸಿದ ಮಸಿ. ಹತ್ತಿಗೆ ಒಂದಿಷ್ಟು ಥಿನ್ನರ್ ಅಥವಾ ನೇಲ್ ಪಾಲಿಶ್ ರಿಮೂವರ್ ಹಾಕಿ ಉಜ್ಜಿದರೆ ಅದು ಹೋಗುತ್ತದೆ. ಅದೇ ಜಾಗಕ್ಕೆ ಕೈಯಲ್ಲಿ ಹಿಡಿಯುವ ಚಿಕ್ಕ ಪ್ರಿಂಟರಿನಿಂದ ಹೊಸ ತಾರೀಖು ಒತ್ತಬಹುದು. ಹೀಗೆ ಅಳಿಸಿದ ಬಾಟಲಿಯನ್ನು ಓರೆಯಾಗಿ ಬೆಳಕಿಗೆ ಹಿಡಿದರೆ, ಸುತ್ತಲಿನ ಮೇಲ್ಮೈ ಮಂಕಾಗಿದ್ದು ತಾರೀಖಿನ ಜಾಗ ಮಾತ್ರ ಒರೆಸಿದ ಹಾಗೆ ಹೊಳೆಯುತ್ತದೆ, ಇಲ್ಲವೇ ಹೊಳೆಯುವ ಪ್ಲಾಸ್ಟಿಕ್ಕಿನಲ್ಲಿ ಅಷ್ಟೇ ಜಾಗ ಬೆಳ್ಳಗೆ ಮಂಜಾಗಿರುತ್ತದೆ. ಹಳೆಯ ಅಂಕಿಯ ಬಾಲವೊಂದು ಹೊಸ ಅಂಕಿಯ ಪಕ್ಕದಲ್ಲಿ ನೆರಳಿನಂತೆ ಉಳಿದಿರುವುದೂ ಉಂಟು. ಅಸಲಿ ಮಾಲಿನ ಮಸಿಯೂ ಥಿನ್ನರಿಗೆ ಅಳಿಸಿಹೋಗುತ್ತದೆ, ಆದ್ದರಿಂದ ಉಜ್ಜಿ ನೋಡಿ ಅಸಲಿ ನಕಲಿ ತೀರ್ಮಾನಿಸಲು ಬರುವುದಿಲ್ಲ. ಟ್ಯೂಬಿನ ಬಾಲದ ಮಡಿಕೆಯಲ್ಲಿ ಬಿಸಿಯಾಗಿ ಒತ್ತಿದ ಅಂಕಿಯನ್ನು ಅಳಿಸುವುದು ಕಷ್ಟ. ಸಿಂಪಡಿಸಿದ ಮಸಿಗಿಂತ ಹೆಚ್ಚು ನಂಬಬಹುದಾದ ತಾರೀಖು ಅದು. ಅದನ್ನು ಏಕೆ ಎಲ್ಲ ತಯಾರಕರಿಗೂ ಕಡ್ಡಾಯ ಮಾಡಬಾರದು ಎಂಬ ಪ್ರಶ್ನೆಗೆ ಮುಂದೆ ಬರುತ್ತೇವೆ.

ಎರಡನೆಯ ದಾರಿ ಖಾಲಿ ಬಾಟಲಿ. ದುಬಾರಿ ಸೀರಂ, ಪರ್ಫ್ಯೂಮ್, ಕ್ರೀಮಿನ ಗಾಜಿನ ಡಬ್ಬಿಗಳು ಗುಜರಿಗೆ ಹೋಗಿ, ತೊಳೆಸಿಕೊಂಡು, ಬೇರೇನೋ ತುಂಬಿಸಿಕೊಂಡು ಮಾರುಕಟ್ಟೆಗೆ ಮರಳುತ್ತವೆ. ಬಾಟಲಿ ಅಸಲಿ, ರಟ್ಟು ನಕಲಿ, ಒಳಗಿನದು ಏನೆಂದು ದೇವರೇ ಬಲ್ಲ. ಇಂಥದ್ದು ಸಿಕ್ಕಿಬೀಳುವುದು ಹೆಚ್ಚಾಗಿ ಒಂದೇ ಕಡೆ: ರಟ್ಟಿನ ಮೇಲಿನ ಬ್ಯಾಚ್ ನಂಬರು ಬಾಟಲಿಯ ತಳದ ನಂಬರಿಗೆ ಹೊಂದುವುದಿಲ್ಲ. ಪಂಪಿನ ಕತ್ತಿನ ಉಂಗುರದಲ್ಲಿ ಗೀರು, ಮುಚ್ಚಳದ ಸುರುಳಿಯಲ್ಲಿ ಒಣಗಿದ ಹಳೆಯ ಕ್ರೀಮು, ಒಳಮುಚ್ಚಳದ ಬೆಳ್ಳಿ ಹಾಳೆ ಇಲ್ಲದಿರುವುದು ಮಿಕ್ಕ ಗುರುತುಗಳು. ಹಾಗೆಂದೇ ನಮ್ಮ ಗಿರಾಕಿಗಳಿಗೆ ಹೇಳುತ್ತಿರುತ್ತೇವೆ: ಮುಗಿದ ಟ್ಯೂಬನ್ನು ಕತ್ತರಿಸಿ ಎಸೆಯಿರಿ, ಬಾಟಲಿಯ ಲೇಬಲ್ಲನ್ನು ಚಾಕುವಿನಲ್ಲಿ ಗೀಚಿ, ಮುಚ್ಚಳ ಬೇರೆ, ಡಬ್ಬಿ ಬೇರೆ ಬಿಸಾಕಿ.

ಬಾರ್‌ಕೋಡ್ ಸ್ಕ್ಯಾನ್ ಮಾಡಿ ನೋಡಿದ್ದೇವೆ, ಸರಿಯಿದೆ ಎನ್ನುವವರು ಬಹಳ. ಬಾರ್‌ಕೋಡನ್ನು ಫೋಟೊ ತೆಗೆದು ಅಚ್ಚು ಹಾಕಿಸಿದರೆ ಮುಗಿಯಿತು, ಅದು ಅಸಲಿತನದ ಪುರಾವೆಯೇ ಅಲ್ಲ. 890ರಿಂದ ಶುರುವಾಗುವ ಸಂಖ್ಯೆ ಕೂಡ ಆ ಕೋಡು ಭಾರತದಲ್ಲಿ ನೋಂದಾಯಿಸಿದ್ದು ಎಂದಷ್ಟೇ ಹೇಳುತ್ತದೆ. ಮಾಲು ಭಾರತದಲ್ಲೇ ತಯಾರಾಯಿತು ಎಂದು ಅದು ಹೇಳುವುದಿಲ್ಲ. ಬ್ಯಾಚ್ ನಂಬರು ಹಾಕಿದರೆ ತಯಾರಾದ ತಿಂಗಳು ಹೇಳುವ ಜಾಲತಾಣಗಳೂ ಅಷ್ಟೆ. ನಕಲಿ ಮಾಡುವವನು ಒಂದು ಅಸಲಿ ಬ್ಯಾಚ್ ನಂಬರನ್ನೇ ಸಾವಿರ ಡಬ್ಬಿಗೆ ಒತ್ತಿರುತ್ತಾನೆ.

ಆನ್‌ಲೈನಿನಲ್ಲಿ ಇನ್ನೊಂದು ತೊಡಕು ಇದೆ. ಒಂದೇ ಪುಟದಲ್ಲಿ ನಾಲ್ಕೈದು ಮಾರಾಟಗಾರರು ಇರಬಹುದು. ನಕ್ಷತ್ರಗಳೂ ಅಭಿಪ್ರಾಯಗಳೂ ಆ ವಸ್ತುವಿನ ಪುಟಕ್ಕೆ ಸೇರಿದವು, ಮಾರುವವನಿಗಲ್ಲ. ಕಂಪನಿಯಿಂದಲೇ ಮಾಲು ತರುವವನು ವರ್ಷಗಟ್ಟಲೆ ಗಳಿಸಿದ ಒಳ್ಳೆಯ ಹೆಸರಿನ ಕೆಳಗೆ, ನಿನ್ನೆ ಬಂದ ಇನ್ನೊಬ್ಬ ಐವತ್ತು ರೂಪಾಯಿ ಕಡಿಮೆ ಹಾಕಿ ನಿಲ್ಲುತ್ತಾನೆ. ಗುಂಡಿ ಒತ್ತಿದರೆ ಆರ್ಡರ್ ಅವನಿಗೆ ಹೋಗುತ್ತದೆ. ಒಂದೇ ಬಾರ್‌ಕೋಡಿನ ಮಾಲನ್ನು ಯಾರದೆಂಬ ಗುರುತಿಲ್ಲದೆ ಗೋದಾಮಿನ ಒಂದೇ ಗೂಡಿನಲ್ಲಿ ಬೆರೆಸಿಟ್ಟರಂತೂ, ಅಸಲಿ ಮಾರಾಟಗಾರನಿಂದ ಕೊಂಡವರಿಗೂ ನಕಲಿ ಹೋಗಬಹುದು. ಆಗ ತಪ್ಪು ಯಾರದು ಎಂದು ಹುಡುಕುವುದು ಗೋದಾಮಿನವರಿಗೂ ಆಗುವುದಿಲ್ಲ.

ಪರದೇಶದ ಮಾಲಿನ ಗುರುತು ಬೇರೆ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಆಮದಾದ ಪ್ರತಿ ಸೌಂದರ್ಯವರ್ಧಕಕ್ಕೂ ನೋಂದಣಿ ಪ್ರಮಾಣಪತ್ರ ಬೇಕು. ಡಬ್ಬಿಯ ಮೇಲೆ ಆ ಪ್ರಮಾಣಪತ್ರದ ಸಂಖ್ಯೆ (ಆರ್‌ಸಿ ನಂಬರು), ಆಮದುದಾರನ ಹೆಸರು, ವಿಳಾಸ ಇರಬೇಕು. ಯುರೋಪಿನ ನಿಯಮವೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ 30 ತಿಂಗಳಿಗಿಂತ ಹೆಚ್ಚು ಬಾಳುವ ವಸ್ತುವಿಗೆ ತಾರೀಖು ಹಾಕಲೇಬೇಕೆಂದಿಲ್ಲ, ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 6ಎಂ, 12ಎಂ ಎಂದು ಬರೆದರೆ ಸಾಕು. ತೆರೆದ ಮೇಲೆ ಆರು ಅಥವಾ ಹನ್ನೆರಡು ತಿಂಗಳು ಬಳಸಬಹುದು ಎಂದು ಅದರ ಅರ್ಥ. ಇಲ್ಲಿ ನಿಮ್ಮ ಕೈಗೆ ಬಂದ ಡಬ್ಬಿಯ ಮೇಲೆ ಆ ಚಿತ್ರವೊಂದೇ ಇದ್ದು, ಅವಧಿಯ ತಾರೀಖೂ ಆರ್‌ಸಿ ನಂಬರೂ ಆಮದುದಾರನ ವಿಳಾಸವೂ ಇಲ್ಲದಿದ್ದರೆ, ಮಾಲು ಅಸಲಿಯೇ ಇರಬಹುದು, ಆದರೆ ನೇರ ದಾರಿಯಲ್ಲಿ ಬಂದದ್ದಲ್ಲ. ಎಷ್ಟು ವರ್ಷ ಎಲ್ಲಿ ಬಿದ್ದಿತ್ತು ಎಂದು ಹೇಳುವವರು ಯಾರೂ ಇರುವುದಿಲ್ಲ.

ಹಳೆಯದಾದರೆ ಏನಾಗುತ್ತದೆ, ವಾಸನೆ ಸ್ವಲ್ಪ ಬದಲಾಗಬಹುದು ಅಷ್ಟೆ ಎಂದು ಹಗುರವಾಗಿ ನೋಡುವವರಿಗೆ ಒಂದು ಮಾತು. ನೀರಿನಂಶ ಇರುವ ವಸ್ತು ಬೇರೆ, ಇಲ್ಲದ್ದು ಬೇರೆ. ಪೌಡರು, ಪೆನ್ಸಿಲ್, ಲಿಪ್‌ಸ್ಟಿಕ್ ಸ್ವಲ್ಪ ತಡೆದುಕೊಳ್ಳುತ್ತವೆ. ಲಿಪ್‌ಸ್ಟಿಕ್ಕಿನಲ್ಲಿರುವ ಎಣ್ಣೆ ಕೆಟ್ಟಾಗ ಹಳೆ ಹರಳೆಣ್ಣೆಯ ಕಮಟು ಬರುತ್ತದೆ, ಮೇಲೆ ಬೆವರಿನ ಹನಿಯಂತೆ ಎಣ್ಣೆ ಕಟ್ಟುತ್ತದೆ. ಕ್ರೀಮು, ಲೋಷನ್, ಫೌಂಡೇಶನ್‌ಗಳಲ್ಲಿ ಕೀಟಾಣು ಬೆಳೆಯದಂತೆ ಹಾಕಿರುವ ಸಂರಕ್ಷಕಕ್ಕೆ ಒಂದು ಆಯುಸ್ಸು ಇರುತ್ತದೆ. ಅದು ಮುಗಿದ ಮೇಲೆ ಬೆರಳದ್ದಿದ ಡಬ್ಬಿ ಕೀಟಾಣುವಿನ ಮನೆಯಾಗುತ್ತದೆ. ಮಸ್ಕಾರಾ, ಲಿಕ್ವಿಡ್ ಐಲೈನರ್ ಎಲ್ಲಕ್ಕಿಂತ ನಾಜೂಕು. ಕುಂಚ ರೆಪ್ಪೆ ಮುಟ್ಟಿ ಒದ್ದೆ ಕೊಳವೆಗೆ ಮರಳುತ್ತಲೇ ಇರುತ್ತದೆ, ಹೀಗಾಗಿ ತೆರೆದ ಮೂರರಿಂದ ಆರು ತಿಂಗಳಿಗೆ ಎಸೆಯಬೇಕು. ರಿಯಾಯಿತಿ ಬುಟ್ಟಿಯಲ್ಲಿ ಯಾರೋ ತೆರೆದು ನೋಡಿಟ್ಟ ಮಸ್ಕಾರಾ ಕೊಳ್ಳುವುದೆಂದರೆ ಕಣ್ಣಿನ ಸೋಂಕನ್ನು ದುಡ್ಡು ಕೊಟ್ಟು ತಂದ ಹಾಗೆ. ವಿಟಮಿನ್ ಸಿ ಸೀರಂ ಗಾಳಿ, ಬೆಳಕಿಗೆ ಕೆಟ್ಟು ತಿಳಿ ಬಣ್ಣದಿಂದ ಕಿತ್ತಳೆಗೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಬಂದ ಮೇಲೆ ಹಚ್ಚಿ ಪ್ರಯೋಜನವಿಲ್ಲ. ಸನ್‌ಸ್ಕ್ರೀನಿನದು ಹೆಚ್ಚು ಮೋಸದ ಕಥೆ. ನೀರು, ಎಣ್ಣೆ ಬೇರೆಯಾದ ಸನ್‌ಸ್ಕ್ರೀನ್ ಚರ್ಮದ ಮೇಲೆ ಒಂದೇ ಸಮ ಹರಡುವುದಿಲ್ಲ. ಹಚ್ಚಿಕೊಂಡೆನಲ್ಲ ಎಂಬ ಧೈರ್ಯದಲ್ಲಿ ಬಿಸಿಲಿಗೆ ಹೋದವರ ಮುಖ ಸುಡುತ್ತದೆ.

ಇದಕ್ಕೆ ಸೆಕೆ ಸೇರಿಸಿಕೊಳ್ಳಿ. ಲೇಬಲ್ಲಿನ ತಾರೀಖು ತಂಪಾದ ಒಣ ಜಾಗದಲ್ಲಿಟ್ಟರೆ ಎಂಬ ಷರತ್ತಿನ ಮೇಲೆ ನಿಂತದ್ದು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ, ಬಳ್ಳಾರಿಯ ತಗಡಿನ ಸೂರಿನ ಗೋದಾಮಿನೊಳಗೆ, ಬಿಸಿಲಲ್ಲಿ ನಿಂತ ಡೆಲಿವರಿ ವ್ಯಾನಿನೊಳಗೆ ಆ ಷರತ್ತು ಯಾವತ್ತೋ ಮುರಿದುಬಿದ್ದಿರುತ್ತದೆ. ಎರಡು ತಿಂಗಳು ಉಳಿದಿದೆ ಎಂದು ಲೇಬಲ್ಲು ಹೇಳಿದರೂ ಒಳಗಿನದು ಆಗಲೇ ಮುಗಿದಿರಬಹುದು.

ಇಷ್ಟು ಹೊತ್ತು ಹೇಳಿದ್ದು ದುಡ್ಡಿನ ನಷ್ಟ, ಚರ್ಮದ ತುರಿಕೆ, ಕಣ್ಣಿನ ಉರಿ. ಪಾದರಸದ ಕ್ರೀಮುಗಳ ವಿಷಯ ಹಾಗಲ್ಲ, ಅದು ಜೀವದ ಪ್ರಶ್ನೆ. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಮೂತ್ರಪಿಂಡದ ಒಂದು ಬಗೆಯ ಕಾಯಿಲೆಯ 22 ರೋಗಿಗಳನ್ನು ವೈದ್ಯರು ದಾಖಲಿಸಿದರು. ಅವರಲ್ಲಿ 15 ಮಂದಿಯ ಕಾಯಿಲೆ ಒಂದು ಪ್ರೋಟೀನಿಗೆ ಸಂಬಂಧಿಸಿದ ಅಪರೂಪದ ಬಗೆಯದು. ಆ 15ರಲ್ಲಿ 13 ಮಂದಿ, ಕಾಯಿಲೆ ಶುರುವಾಗುವ ಮೊದಲು ಮುಖ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದುದನ್ನು ಒಪ್ಪಿಕೊಂಡರು. ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ಅಂಗಡಿಗಳ ಮೇಲೆ ದಾಳಿಗೆ ಇಳಿಯಿತು. ನಮ್ಮ ರಾಜ್ಯದಲ್ಲೂ ಹಾಗೊಂದು ಹೆಸರಿಟ್ಟು, ದಿನ ಗೊತ್ತುಮಾಡಿ, ಪಟ್ಟಿ ಪ್ರಕಟಿಸುವ ಕಾರ್ಯಾಚರಣೆ ನಡೆಯಬೇಕು. ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೂ ಮಲಪ್ಪುರಂನ ಮನೆಗಳಿಗೂ ಕೊಲ್ಲಿ ದೇಶದ ನಂಟು ಒಂದೇ, ಅಲ್ಲಿಂದ ಬರುವ ಸೂಟ್‌ಕೇಸಿನ ಕ್ರೀಮೂ ಒಂದೇ. ಮನೆಮಂದಿಗೆ ತಂದದ್ದು ಬೇರೆ ಮಾತು. ಅದೇ ಕ್ರೀಮು ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಇನ್‌ಸ್ಟಾಗ್ರಾಂ ಪುಟದಲ್ಲಿ ಮಾರಾಟಕ್ಕೆ ನಿಂತರೆ ಅದು ನೋಂದಣಿ ಇಲ್ಲದ ಆಮದು.

ಪಾದರಸ ಚರ್ಮದಲ್ಲಿ ಬಣ್ಣ ಹುಟ್ಟುವುದನ್ನೇ ತಡೆಯುತ್ತದೆ, ಹಾಗಾಗಿ ಒಂದೆರಡು ವಾರದಲ್ಲಿ ಮುಖ ಬಿಳುಪೇರುತ್ತದೆ. ಗಿರಾಕಿ ಮೆಚ್ಚಿ ಮತ್ತೆ ಕೇಳುವುದು ಈ ವೇಗಕ್ಕೆ. ಅದು ಚರ್ಮದಿಂದ ಒಳಗಿಳಿದು ಮೂತ್ರಪಿಂಡ ಸೇರುತ್ತದೆ, ಆವಿಯಾಗಿ ದಿಂಬು, ಟವೆಲ್‌ಗಳ ಮೂಲಕ ಮನೆಯ ಮಕ್ಕಳಿಗೂ ತಗಲುತ್ತದೆ. ಕಾಲು ಊದುವುದು, ಮೂತ್ರದಲ್ಲಿ ನೊರೆ ಬರುವುದು ಮೊದಲ ಸೂಚನೆ. ನಮ್ಮ ನಿಯಮದ ಪ್ರಕಾರ, ಕಣ್ಣಿನ ಸುತ್ತ ಬಳಸುವ ವಸ್ತುಗಳ ಬಿಗಿ ಮಿತಿಯ ವಿನಾಯಿತಿ ಬಿಟ್ಟರೆ, ಯಾವ ಸೌಂದರ್ಯವರ್ಧಕಕ್ಕೂ ಪಾದರಸ ಹಾಕುವಂತಿಲ್ಲ. ತಾನಾಗಿ ಸೇರಿಕೊಂಡದ್ದೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರುವಂತಿಲ್ಲ. ತಯಾರಕನ ಹೆಸರು, ಲೈಸೆನ್ಸ್ ನಂಬರು ಇಲ್ಲದ ಚಿಕ್ಕ ಡಬ್ಬಿ, ಏಳು ದಿನದಲ್ಲಿ ಬೆಳ್ಳಗೆ ಎಂಬ ಭರವಸೆ, ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗಿಸಬೇಡಿ ಎಂಬ ಸೂಚನೆ: ಈ ಮೂರರಲ್ಲಿ ಒಂದು ಕಂಡರೂ ಮುಟ್ಟಬಾರದು. ಲೋಹಕ್ಕೆ ತಾಗಿಸಬೇಡಿ ಎನ್ನುವುದೇ ಪಾದರಸದ ಸುಳಿವು, ಅದು ಚಿನ್ನ ಬೆಳ್ಳಿಗೆ ಅಂಟಿಕೊಳ್ಳುವ ಲೋಹ.

ಇನ್ನೊಂದು ಜಾತಿಯ ಕ್ರೀಮಿನಲ್ಲಿ ಪಾದರಸದ ಬದಲು ಬೀಟಾಮೆಥಾಸೋನ್, ಕ್ಲೋಬೆಟಾಸಾಲ್‌ನಂಥ ಸ್ಟೀರಾಯ್ಡ್ ಇರುತ್ತದೆ. 2018ರಲ್ಲಿ ಸರ್ಕಾರವೇ ಹಚ್ಚುವ ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿ ಬೇಕಾದ ಷೆಡ್ಯೂಲ್ ಎಚ್‌ಗೆ ಸೇರಿಸಿತು. ಅವು ನೈಟ್ ಕ್ರೀಮು ಎಂಬ ಹೆಸರಲ್ಲಿ ಫ್ಯಾನ್ಸಿ ಸ್ಟೋರಿಗೆ ಬರುವುದು ನಿಂತಿಲ್ಲ. ಹಚ್ಚುವಷ್ಟು ದಿನ ಮುಖ ನುಣುಪು, ಬಿಟ್ಟ ವಾರಕ್ಕೆ ಕೆಂಪಾಗಿ ಉರಿ, ಮೊಡವೆ, ತೆಳುವಾದ ಚರ್ಮದಡಿ ಎದ್ದು ಕಾಣುವ ನರ. ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ. ಪಾರ್ಲರಿನ ಕುರ್ಚಿಯಲ್ಲಿ ಇಂಥ ಮುಖಗಳನ್ನು ನೋಡುವುದು ಬಹಳ ಸಂಕಟದ ಕೆಲಸ. ಹೆಚ್ಚಿನವರು ಮದುವೆ ಹತ್ತಿರ ಬಂದ ಹುಡುಗಿಯರು.

ರಿಯಾಯಿತಿ ಅಂಗಡಿಗಳ ಬಗ್ಗೆ ನ್ಯಾಯವಾಗಿಯೇ ಮಾತಾಡಬೇಕು. ವಿತರಕರ ಬಳಿ ಉಳಿದ, ಅವಧಿಗೆ ನಾಲ್ಕೈದು ತಿಂಗಳಿರುವ ಮಾಲನ್ನು ಲಾಟ್ ಲೆಕ್ಕದಲ್ಲಿ ಕೊಂಡು ಅರ್ಧ ಬೆಲೆಗೆ ಮಾರುವುದು ತಪ್ಪೇನಲ್ಲ. ಶಾಂಪೂ, ಸೋಪು ಬೇಗ ಖರ್ಚಾಗುವಂಥವು, ಜನಕ್ಕೂ ಲಾಭ. ತಪ್ಪಾಗುವುದು ಅದೇ ಬುಟ್ಟಿಗೆ ಅವಧಿ ಮೀರಿದ್ದು, ಟೆಸ್ಟರ್, ‘ಮಾರಾಟಕ್ಕಲ್ಲ’ ಎಂದು ಬರೆದ ಸ್ಯಾಂಪಲ್, ಮೂಲ ತಾರೀಖಿನ ಮೇಲೆ ಎಂಆರ್‌ಪಿ ಸ್ಟಿಕ್ಕರ್ ಅಂಟಿಸಿದ್ದು ಎಲ್ಲ ಬೆರೆತಾಗ. ಸ್ಟಿಕ್ಕರಿನ ಅಂಚನ್ನು ಉಗುರಲ್ಲಿ ಎತ್ತಿ ನೋಡಿ ಎಂದು ನಾವು ಹೇಳುತ್ತೇವೆ. ಎತ್ತಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ ಎಂದೂ ಹೇಳುತ್ತೇವೆ. ತಾರೀಖು ಓದುವಾಗ ಇನ್ನೊಂದು ಸೂಕ್ಷ್ಮ: ‘ಯೂಸ್ ಬಿಫೋರ್’ ಜೂನ್ ಎಂದಿದ್ದರೆ ಜೂನ್ 1ರ ಮೊದಲೇ ಬಳಸಿ ಮುಗಿಸಬೇಕು, ‘ಎಕ್ಸ್‌ಪೈರಿ’ ಜೂನ್ ಎಂದಿದ್ದರೆ ಜೂನ್ ಕೊನೆಯ ದಿನದವರೆಗೆ. ಇದು ಗೊತ್ತಿಲ್ಲದೆ ಒಂದು ತಿಂಗಳು ಹೆಚ್ಚು ಮಾರುವ ಅಂಗಡಿಯವರೂ ಇದ್ದಾರೆ.

ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಸದ್ಯಕ್ಕೆ ನಾವು ಹೇಳಿಕೊಡುವುದು ಇಷ್ಟು. ‘ಮಾರಾಟಗಾರ’ ಎಂಬ ಸಣ್ಣ ಸಾಲನ್ನು ಒತ್ತಿ ಹೆಸರು, ವಿಳಾಸ ನೋಡಿ, ಕಂಪನಿಯ ಸ್ವಂತ ಜಾಲತಾಣದಲ್ಲಿ ಅಧಿಕೃತ ಮಾರಾಟಗಾರರ ಪಟ್ಟಿ ಇದ್ದರೆ ಹೋಲಿಸಿ. ಪಾರ್ಸೆಲ್ ಬಿಚ್ಚುವಾಗ ಮೇಲಿನ ವಿಳಾಸದ ಚೀಟಿಯಿಂದ ಹಿಡಿದು ಡಬ್ಬಿಯ ತಳದವರೆಗೆ ಎಲ್ಲೂ ನಿಲ್ಲಿಸದೆ ಒಂದೇ ವಿಡಿಯೊ ತೆಗೆಯಿರಿ. ರಟ್ಟು, ಬಾಟಲಿ ಎರಡರ ಬ್ಯಾಚ್ ನಂಬರು ಹೊಂದುವವರೆಗೆ ಒಳಗಿನ ಸೀಲು ಮುರಿಯಬೇಡಿ. ಹೊಂದಿದರೂ ಮೊದಲು ಮುಂಗೈಯ ಒಳಭಾಗಕ್ಕೆ ಕಾಳಿನಷ್ಟು ಹಚ್ಚಿ 48 ಗಂಟೆ ಕಾಯಿರಿ. ಅನುಮಾನ ಬಂದರೆ ಆನ್‌ಲೈನ್ ಮಾರುಕಟ್ಟೆಯ ಕುಂದುಕೊರತೆ ಅಧಿಕಾರಿಗೆ ಬರೆದು ಕೊಡಿ. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕೈಲಿರುವ ಒಂದೇ ಡಬ್ಬಿಯನ್ನು ಫೋಟೊ ಕೂಡ ತೆಗೆಯದೆ ವಾಪಸ್ ಕಳಿಸಿದರೆ ಸಾಕ್ಷಿಯೂ ಅದರ ಜೊತೆಗೇ ಹೋಯಿತು.

ಇಷ್ಟೆಲ್ಲ ಕಲಿತು ಒಂದು ಲಿಪ್‌ಸ್ಟಿಕ್ ಕೊಳ್ಳಬೇಕೆಂದರೆ ಕಾನೂನು ಏತಕ್ಕಿದೆ? ಆದ್ದರಿಂದ ನಮ್ಮ ಬೇಡಿಕೆಗಳು.

ಮುಖ್ಯ ಆಯುಕ್ತರೇ, ಅವಧಿಯ ತಾರೀಖು, ಬ್ಯಾಚ್ ನಂಬರು ದುಡ್ಡು ಕಟ್ಟುವ ಪುಟದಲ್ಲಿ, ಬೆಲೆಯ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಕಾಣುವಂತೆ ಆದೇಶಿಸಿ. ನಿಖರ ತಾರೀಖು ಆಗದಿದ್ದರೆ, ತಲುಪುವ ದಿನಕ್ಕೆ ಕನಿಷ್ಠ ಎಷ್ಟು ತಿಂಗಳು ಉಳಿದಿರುತ್ತದೆ ಎಂಬ ಬದ್ಧತೆಯಾದರೂ ಇರಲಿ. ಅದಕ್ಕಿಂತ ಕಡಿಮೆ ಬಂದರೆ ಪ್ರಶ್ನೆ ಕೇಳದೆ ಹಣ ವಾಪಸ್ ಆಗಬೇಕು. ತಯಾರಾದ ತಿಂಗಳಿಗೆ ಕೊಟ್ಟಿರುವ ವಿನಾಯಿತಿಯನ್ನು ಸೌಂದರ್ಯವರ್ಧಕಗಳ ಮಟ್ಟಿಗೆ ತೆಗೆಯುವಂತೆ ಕಾನೂನು ಮಾಪನ ವಿಭಾಗಕ್ಕೆ ಶಿಫಾರಸು ಮಾಡಿ. ಸೌಂದರ್ಯವರ್ಧಕ ಎಂಬ ಕಾರಣಕ್ಕೆ ನಕಲಿಯನ್ನೂ ಹಿಂಪಡೆಯದ ಷರತ್ತುಗಳು 6ನೇ ನಿಯಮಕ್ಕೆ ವಿರುದ್ಧ ಎಂದು ಒಂದು ಸ್ಪಷ್ಟ ಸೂಚನೆ ಹೊರಡಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಅಭಿಪ್ರಾಯ, ನಕ್ಷತ್ರಗಳು ಮಾರಾಟಗಾರವಾರು ಬೇರೆಯಾಗಿ ಕಾಣಲಿ.

ಕೊಂಡು ಪರೀಕ್ಷಿಸುವ ಕೆಲಸವನ್ನು ಸರ್ಕಾರವೇ ಮಾಡಬೇಕು. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2018ರಲ್ಲಿ ಹೆಸರಾಂತ ಜಾಲತಾಣಗಳಲ್ಲಿ ಮಾರುವ ಹೊರಗಿನ ಮಾರಾಟಗಾರರಿಂದ 47 ವಸ್ತು ಕೊಂಡು ನೋಡಿತು. 20 ನಕಲಿ. ಕೊಂಡ 47ರಲ್ಲಿ ಸೌಂದರ್ಯವರ್ಧಕ 13, ಹದಿಮೂರೂ ನಕಲಿ. ಅದೇ ವರ್ಷ ನಮ್ಮ ದೇಶದ ಔಷಧ ಮಹಾನಿಯಂತ್ರಕರೂ ದೊಡ್ಡ ಆನ್‌ಲೈನ್ ಮಾರುಕಟ್ಟೆಗಳಿಗೆ ನಕಲಿ ಸೌಂದರ್ಯವರ್ಧಕಗಳ ಬಗ್ಗೆ ನೋಟಿಸ್ ಕೊಟ್ಟಿದ್ದರು. ನೋಟಿಸ್ ಒಂದು ಸಲದ ಕೆಲಸ. ಮೂರು ತಿಂಗಳಿಗೊಮ್ಮೆ ಸಾಮಾನ್ಯ ಗಿರಾಕಿಯಂತೆ ಕೊಂಡು, ಪಾದರಸ, ಸೀಸ, ಸ್ಟೀರಾಯ್ಡ್, ಕೀಟಾಣುಗಳಿಗೆ ಪರೀಕ್ಷಿಸಿ, ಫಲಿತಾಂಶವನ್ನು ಬ್ಯಾಚ್ ನಂಬರಿನ ಸಮೇತ ಪ್ರಕಟಿಸುವುದು ನಮಗೆ ಬೇಕಾದದ್ದು.

ಔಷಧ ನಿಯಂತ್ರಕರೇ, ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 26ನೇ ಕಲಮಿನ ಪ್ರಕಾರ ಯಾವ ಗ್ರಾಹಕರಾದರೂ ಶುಲ್ಕ ಕಟ್ಟಿ, ತಾವು ಕೊಂಡ ಸೌಂದರ್ಯವರ್ಧಕವನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ಸಹಿ ಮಾಡಿದ ವರದಿ ಪಡೆಯಬಹುದು. ಈ ಹಕ್ಕು ಇರುವುದೇ ಜನರಿಗೆ ಗೊತ್ತಿಲ್ಲ. ಅರ್ಜಿಯ ನಮೂನೆ, ಶುಲ್ಕ, ಎಷ್ಟು ಗ್ರಾಂ ಮಾದರಿ ಬೇಕು, ಸೀಲು ಒಡೆಯದ್ದೇ ಆಗಬೇಕೇ, ಎಷ್ಟು ದಿನದಲ್ಲಿ ವರದಿ ಎಂಬುದನ್ನು ಕನ್ನಡದಲ್ಲಿ ಪ್ರಕಟಿಸಿ. ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಯ ಪ್ರಯೋಗಾಲಯದವರೆಗೆ ಜನ ಅಲೆಯದೆ, ತಮ್ಮ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಯಲ್ಲೇ ಮಾದರಿ ಕೊಡುವಂತಾಗಲಿ. 27ಎ ಕಲಮಿನಡಿ ನಕಲಿ ಸೌಂದರ್ಯವರ್ಧಕ ಮಾರಿದವರಿಗೆ ಮೂರು ವರ್ಷದವರೆಗೆ ಸೆರೆವಾಸ, ಕನಿಷ್ಠ ಐವತ್ತು ಸಾವಿರ ರೂಪಾಯಿ ಅಥವಾ ವಶಪಡಿಸಿಕೊಂಡ ಮಾಲಿನ ಬೆಲೆಯ ಮೂರು ಪಟ್ಟು, ಯಾವುದು ಹೆಚ್ಚೋ ಅಷ್ಟು ದಂಡ ಇದೆ. ಈ ಕಲಮಿನಡಿ ಎಷ್ಟು ಮೊಕದ್ದಮೆ ಹೂಡಿದಿರಿ, ಎಷ್ಟರಲ್ಲಿ ಶಿಕ್ಷೆಯಾಯಿತು ಎಂಬುದನ್ನು ವರ್ಷಕ್ಕೊಮ್ಮೆ ತಿಳಿಸಿ.

ಸೌಂದರ್ಯವರ್ಧಕ ತಯಾರಿಸಲು ಲೈಸೆನ್ಸ್ ಬೇಕು, ಆಮದಿಗೆ ನೋಂದಣಿ ಬೇಕು, ಮಾರಲು ಮಾತ್ರ ಏನೂ ಬೇಡ. ಸಣ್ಣ ಅಂಗಡಿಯವರ ಮೇಲೆ ಇನ್ನೊಂದು ಲೈಸೆನ್ಸಿನ ಹೊರೆ ಹೊರಿಸಿ ಎಂದು ನಾವು ಕೇಳುವುದಿಲ್ಲ. ಆದರೆ ಲಾಟ್ ಮಾಲು ಸಗಟಾಗಿ ಕೊಂಡು ಹಂಚುವವರಿಗೆ, ಆನ್‌ಲೈನಿನಲ್ಲಿ ಮಾರುವವರಿಗೆ ಒಂದು ಸರಳ ನೋಂದಣಿ ಇರಲಿ, ಮಾಲು ಯಾರಿಂದ ಬಂತೆಂಬ ಬಿಲ್ಲು ಇಟ್ಟುಕೊಳ್ಳುವುದು ಕಡ್ಡಾಯವಾಗಲಿ. ಇನ್‌ಸ್ಪೆಕ್ಟರರ ಕೈಯಲ್ಲಿ ಯಾರು ಮಾರುತ್ತಾರೆಂಬ ಪಟ್ಟಿಯೇ ಇಲ್ಲದಿದ್ದರೆ ಅವರು ಎಲ್ಲಿಗೆ ಹೋಗಿ ನೋಡಬೇಕು?

ಕೊನೆಯದಾಗಿ, ಸೌಂದರ್ಯವರ್ಧಕ ನಿಯಮಗಳಲ್ಲಿರುವ ಎರಡು ವಿನಾಯಿತಿಗಳ ಕಡೆ ತಮ್ಮಿಬ್ಬರ ಗಮನ ಸೆಳೆಯುತ್ತೇವೆ. 10 ಗ್ರಾಂವರೆಗಿನ ಘನ ಅಥವಾ ಮುದ್ದೆ ರೂಪದ, 25 ಮಿಲಿಲೀಟರ್‌ವರೆಗಿನ ದ್ರವ ರೂಪದ ಸೌಂದರ್ಯವರ್ಧಕಕ್ಕೆ ಬ್ಯಾಚ್ ನಂಬರು ಕಡ್ಡಾಯವಲ್ಲ. 30 ಗ್ರಾಂ, 60 ಮಿಲಿಲೀಟರಿಗಿಂತ ಚಿಕ್ಕ ಪೊಟ್ಟಣಕ್ಕೆ ಒಳಗೇನಿದೆ ಎಂಬ ಪಟ್ಟಿ ಕಡ್ಡಾಯವಲ್ಲ. ಲಿಪ್‌ಸ್ಟಿಕ್ ಮೂರು ನಾಲ್ಕು ಗ್ರಾಂ, ಕಾಜಲ್ ಅದಕ್ಕೂ ಕಡಿಮೆ, ಮಸ್ಕಾರಾ ಹತ್ತು ಮಿಲಿಲೀಟರ್ ಆಸುಪಾಸು, ಬೆಳ್ಳಗಾಗುವ ಕ್ರೀಮಿನ ಡಬ್ಬಿ ಎಷ್ಟೋ ಸಲ 30 ಗ್ರಾಂನ ಒಳಗೆ. ತುಟಿಗೆ, ಕಣ್ಣಿಗೆ ಹೋಗುವಂಥವು, ಹೆಚ್ಚು ನಕಲಾಗುವಂಥವು ಯಾವುವೋ ಅವಕ್ಕೇ ವಿನಾಯಿತಿ ಸಿಕ್ಕಿದೆ. ಲೇಬಲ್ಲಿನಲ್ಲಿ ಜಾಗವಿಲ್ಲ ಎಂಬ ಕಾರಣ ಹಿಂದೊಮ್ಮೆ ಒಪ್ಪುವಂಥದ್ದಾಗಿತ್ತು. ಈಗ 2023ರ ಆಗಸ್ಟ್‌ನಿಂದ 300 ಔಷಧ ಬ್ರ್ಯಾಂಡುಗಳಿಗೆ ಕ್ಯೂಆರ್ ಕೋಡ್ ಅಥವಾ ಬಾರ್‌ಕೋಡನ್ನು ಕೇಂದ್ರ ಸರ್ಕಾರ ಕಡ್ಡಾಯ ಮಾಡಿದೆ. ಅದೇ ಬಗೆಯಲ್ಲಿ, ಪ್ರತಿ ಡಬ್ಬಿಗೂ ಬೇರೆ ಬೇರೆಯಾದ ಕೋಡು ಸೌಂದರ್ಯವರ್ಧಕಕ್ಕೂ ಬರಲಿ, ಕಣ್ಣು, ತುಟಿಯ ವಸ್ತು ಹಾಗೂ ಫೇಸ್ ಕ್ರೀಮಿನಿಂದ ಶುರುವಾಗಲಿ. ತಾರೀಖು ಸಿಂಪಡಿಸಿದ ಮಸಿಯಲ್ಲಿ ಬೇಡ, ಒತ್ತಿದ ಅಚ್ಚಿನಲ್ಲೋ ಲೇಸರಿನಲ್ಲೋ ಡಬ್ಬಿಯ ಮೈಮೇಲೇ ಇರಲಿ. ತಯಾರಕರ ಲೈಸೆನ್ಸ್ ನಂಬರು, ಆಮದಿನ ಆರ್‌ಸಿ ನಂಬರು ಹಾಕಿದರೆ ಕಂಪನಿಯ ಹೆಸರು, ವಸ್ತುವಿನ ಹೆಸರು ಕನ್ನಡದಲ್ಲೂ ಕಾಣುವ ಒಂದು ಪುಟ ತೆರೆಯಿರಿ.

ದಸರಾ, ದೀಪಾವಳಿಯ ಸೇಲ್‌ಗಳಿಗೆ ಗೋದಾಮುಗಳು ಮಾಲು ತುಂಬಿಸಿಕೊಳ್ಳುವುದು ಎರಡು ಮೂರು ತಿಂಗಳು ಮುಂಚೆಯೇ. ಅವಧಿಯ ತಾರೀಖು ಪುಟದಲ್ಲಿ ತೋರಿಸುವ ಆದೇಶ, 26ನೇ ಕಲಮಿನ ಕನ್ನಡ ಅರ್ಜಿ, ಈ ಎರಡಕ್ಕೆ ಕಾಯ್ದೆ ತಿದ್ದಬೇಕಾಗಿಲ್ಲ. ಮುಂದಿನ ಸೇಲ್ ಶುರುವಾಗುವ ಮೊದಲು ಇವೆರಡರ ಬಗ್ಗೆ ತಮ್ಮ ಲಿಖಿತ ಉತ್ತರ ಬರಲಿ ಎಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸೌಂದರ್ಯವರ್ಧಕಗಳನ್ನು ಮಾರುವ, ಹಚ್ಚುವ ಕಸುಬಿನ ಕೆಲವರು